ನಂಜು ಕುಡಿದ ಊರು, ಗುಲಗಂಜಿ ತೂಕದ ಊರು

ಮೈಸೂರು ಸೀಮೆಯ ತಂಬೂರಿ ಪದದವರು ಹೇಳುವ ಚಾಮುಂಡಿಯ ಕಥೆ ಮಹಿಷಾಸುರನ ಸಾವಿಗೆ ಮುಗಿಯುವುದಿಲ್ಲ. ಅದರ ರುಚಿಯೆಲ್ಲ ಆಮೇಲಿನದು. ಬೆಟ್ಟದ ತಾಯಿಗೆ ಕಪಿಲೆ ದಂಡೆಯ ನಂಜುಂಡನ ಮೇಲೆ ಮನಸ್ಸಾಗುತ್ತದೆ. ನಂಜುಂಡನ ಮನೆಯಲ್ಲಿ ದೇವೀರಿ ಎಂಬ ಮಡದಿ ಇದ್ದಾಳೆ. ಕದ್ದುಮುಚ್ಚಿ ನಡೆಯುವ ಭೇಟಿ, ಅದು ಮನೆಯವಳ ಕಿವಿಗೆ ಬೀಳುವುದು, ಸವತಿಯರ ಬೈದಾಟ, ಕುಲದ ಮಾತು, ಊಟದ ಮಾತು ಎಲ್ಲವೂ ಅದರಲ್ಲಿವೆ. ಪಿ.ಕೆ. ರಾಜಶೇಖರ ಅವರಂಥ ಜಾನಪದ ವಿದ್ವಾಂಸರು ಹಳ್ಳಿಹಳ್ಳಿ ಸುತ್ತಿ ಬರೆದುಕೊಂಡು ಉಳಿಸಿದ ಈ ಕಥಾಲೋಕದಲ್ಲಿ ಅರಮನೆ ಎಲ್ಲೋ ಅಂಚಿಗಿದೆ. ನಡುವೆ ಇರುವುದು ಬೆಟ್ಟ, ಹೊಳೆ, ಅವೆರಡರ ಮಧ್ಯದ ದಾರಿ.

ಮೈಸೂರಿನ ಗುಣಸ್ವಭಾವವನ್ನು ನಾವು ಅರಮನೆಯಿಂದಲೇ ಅಳೆಯುತ್ತ ಬಂದಿದ್ದೇವೆ. ದಸರೆ, ಜಂಬೂಸವಾರಿ, ಅಗಲ ರಸ್ತೆ, ಮೆಲುಮಾತು, ರೇಷ್ಮೆ ಸೀರೆ ಎಲ್ಲವನ್ನೂ ರಾಜರ ಖಾತೆಗೆ ಬರೆದುಬಿಡುತ್ತೇವೆ. ನನ್ನ ನಂಬಿಕೆ ಬೇರೆ. ಮೈಸೂರಿಗೆ ಅದರ ಭಕ್ತಿ, ಅದರ ನಾದ, ಅದರ ನೂಲು, ಅದರ ಭಯ ಕೂಡ ಬಂದದ್ದು ತೆಂಕಣ ಮತ್ತು ಮೂಡಣ ದಿಕ್ಕಿನ ಎರಡು ಹೊಳೆಯೂರುಗಳಿಂದ. ಒಂದು ನಂಜನಗೂಡು, ಇನ್ನೊಂದು ತಿರುಮಕೂಡಲು ನರಸೀಪುರ. ಮೊದಲನೆಯದು ಜನ ಬರುವ ಊರು. ಎರಡನೆಯದು ಕಳಿಸಿಕೊಡುವ ಊರು.

ವಯನಾಡಿನಲ್ಲಿ ಹುಟ್ಟಿ ಬರುವ ಕಪಿಲೆಗೆ ನಂಜನಗೂಡಿನ ಬಳಿ ಗುಂಡ್ಲು ಹೊಳೆ ಸೇರುತ್ತದೆ. ಪುರಾಣದವರು ಅದನ್ನು ಕೌಂಡಿನ್ಯ ಎನ್ನುತ್ತಾರೆ. ಊರಿನ ಹಳೆಯ ಹೆಸರು ಗರಳಪುರಿ. ಹಾಲಾಹಲ ಕುಡಿದ ಶಿವನ ಊರಾದ್ದರಿಂದ ಬಹು ಹಿಂದಿನಿಂದಲೂ ಇಲ್ಲಿಗೆ ಬರುವವರು ಮುಖ್ಯವಾಗಿ ಕಾಯಿಲೆಯವರು, ಕಾಯಿಲೆಯವರ ಮನೆಯವರು. ಹೊಳೆಯಲ್ಲಿ ಮುಳುಗು ಹಾಕುವುದು, ಮುಡಿ ಕೊಡುವುದು, ಒದ್ದೆ ಬಟ್ಟೆಯಲ್ಲೇ ಗುಡಿಯ ಸುತ್ತ ಉರುಳುಸೇವೆ ಮಾಡುವುದು, ತುಲಾಭಾರ ತೂಗಿಸುವುದು. ಚರ್ಮರೋಗ, ಹೊಟ್ಟೆಶೂಲೆ, ಕಣ್ಣಿನ ತೊಂದರೆ, ಮಕ್ಕಳಾಗದ ದುಃಖ, ಎಲ್ಲಕ್ಕೂ ಕೇಳಿಕೊಳ್ಳಲು ಒಬ್ಬನೇ ನಂಜುಂಡಪ್ಪ. ಬದುಕಿ ಉಳಿದ ಕೂಸಿಗೆ ಆತನ ಹೆಸರನ್ನೇ ಇಡುತ್ತಿದ್ದರು. ಮೈಸೂರು, ಚಾಮರಾಜನಗರ, ಮಂಡ್ಯದ ಹಳ್ಳಿಗಳಲ್ಲಿ ನಂಜಪ್ಪ, ನಂಜಮ್ಮ, ನಂಜುಂಡಯ್ಯ, ನಂಜೇಗೌಡ ಎನ್ನುವ ಹೆಸರುಗಳು ಯಾವ ಜಾತಿಯ ಕೇರಿಗೆ ಹೋದರೂ ಸಿಗುತ್ತವೆ. ರಾಜರ ಹೆಸರಿಗೆ ಅಷ್ಟು ಹರಹು ಸಿಕ್ಕಿಲ್ಲ.

ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತು, ಇಲ್ಲಿ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತು, ಸುಲ್ತಾನ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನೂ ಪಚ್ಚೆಯ ಹಾರವನ್ನೂ ಒಪ್ಪಿಸಿದ ಎಂಬುದು ಪ್ರತೀತಿ. ಆ ಪಚ್ಚೆ ಲಿಂಗಕ್ಕೆ ಗುಡಿಯಲ್ಲಿ ಇಂದಿಗೂ ಪೂಜೆಯಿದೆ. ಈ ಪ್ರಸಂಗವನ್ನು ಇವತ್ತಿನ ರಾಜಕೀಯದ ತಕ್ಕಡಿಗೆ ಹಾಕಿ ತೂಗುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಊರಿನ ಸ್ವಭಾವ. ವೈದ್ಯನ ಬಾಗಿಲಿಗೆ ಬಂದ ರೋಗಿಯ ಕುಲ ಕೇಳಬಾರದು ಎಂಬ ನಡವಳಿಕೆಯನ್ನು ಊರು ತನ್ನ ದೇವರಿಗೆ ಹಚ್ಚಿ ಹೇಳಿಕೊಂಡಿದೆ. ದೇವಾಲಯದ ಒಳಸುತ್ತಿನಲ್ಲಿ ಸಾಲಾಗಿ ನಿಂತ ಅರವತ್ತುಮೂರು ಪುರಾತನರನ್ನು ನೋಡಿದರೂ ಇದು ತಿಳಿಯುತ್ತದೆ. ಆ ಶಿವಭಕ್ತರ ನಡುವೆ ಬೇಡರ ಕಣ್ಣಪ್ಪನಿದ್ದಾನೆ, ಅಗಸನಿದ್ದಾನೆ, ಕುಂಬಾರನಿದ್ದಾನೆ, ಗುಡಿಯೊಳಗೆ ಬಿಟ್ಟುಕೊಳ್ಳದ ಹೊಲೆಯರ ನಂದನೂ ಇದ್ದಾನೆ.

ಫ್ರಾನ್ಸಿನ ತೆಂಕಣ ತುದಿಯಲ್ಲಿ ಲೂರ್ಡ್ಸ್ ಎಂಬ ಸಣ್ಣ ಊರಿದೆ. 1858ರಲ್ಲಿ ಅಲ್ಲಿನ ಹುಡುಗಿಯೊಬ್ಬಳಿಗೆ ಮೇರಿಮಾತೆಯ ದರ್ಶನವಾಯಿತೆಂಬ ನಂಬಿಕೆಯಿಂದ ಅಲ್ಲಿನ ಚಿಲುಮೆಯ ನೀರಿಗೆ ಜಗತ್ತಿನ ರೋಗಿಗಳೆಲ್ಲ ಬರತೊಡಗಿದರು. ನಿಜವಾಗಿ ಗುಣವಾಯಿತೇ ಎಂದು ಪರೀಕ್ಷಿಸಲು ವೈದ್ಯರ ಕಚೇರಿಯೊಂದನ್ನೇ ಅಲ್ಲಿ ಇಟ್ಟಿದ್ದಾರೆ. ನಂಜನಗೂಡಿನಲ್ಲಿ ಅಂಥ ಕಚೇರಿ ಹುಟ್ಟಲಿಲ್ಲ. ಇಲ್ಲಿ ಹುಟ್ಟಿದ್ದು ಔಷಧಿಯ ಕಸುಬು. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಕಟ್ಟಿದರು. ಅಲ್ಲಿಂದ ಹೊರಟ ನಂಜನಗೂಡಿನ ಹಲ್ಲುಪುಡಿ ಹಳೇ ಮೈಸೂರಿನ ಮನೆಗಳ ಬಚ್ಚಲ ಗೂಡಿನಲ್ಲಿ ದಶಕಗಳ ಕಾಲ ಕೂತಿತ್ತು. ಬೆಳಿಗ್ಗೆ ಎದ್ದವರು ದೇವರ ಹೆಸರಿಗೂ ಮೊದಲು ಈ ಊರಿನ ಹೆಸರು ಹೇಳುತ್ತಿದ್ದರು ಎಂದರೆ ತಪ್ಪಾಗದು. ಹರಕೆಯೂ ಔಷಧವೂ ಒಂದಕ್ಕೊಂದು ಎದುರಾಳಿಯಾಗದೆ ಒಂದೇ ಬೀದಿಯಲ್ಲಿ ಬಾಳಿದ್ದು ಈ ಊರಿನ ಹೆಚ್ಚುಗಾರಿಕೆ.

ಅದೇ 1913ರಲ್ಲಿ ಇದೇ ಊರಿನ ಮತ್ತೊಂದು ಮನೆಯಲ್ಲಿ ಬೇರೆ ಬಗೆಯ ಚಿಕಿತ್ಸೆ ಶುರುವಾಯಿತು. ಆ ಕೆಲಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಂಜನಗೂಡಿನ ಮಾತು ಬಂದಾಗ ಗೋಪುರ ನೆನಪಾಗುವಷ್ಟು ಸುಲಭವಾಗಿ ಈಕೆ ನೆನಪಾಗುವುದಿಲ್ಲ. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತರ ಹರೆಯದಲ್ಲಿ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಅದರ ಅರ್ಥ ಏನೆಂದು ವಿವರಿಸಬೇಕಿಲ್ಲ. ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಆಕೆ ಓದಿ, ಬರೆದು, ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ತನ್ನ ಕಾದಂಬರಿ ‘ಸುಶೀಲೆ’ಯನ್ನು ಅಚ್ಚು ಹಾಕಿಸಿದರು. ಕೆಲವೇ ವರ್ಷದಲ್ಲಿ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ಹೊರತಂದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿ ಆಧುನಿಕ ಕನ್ನಡದಲ್ಲಿ ಮೊದಲು ನಿಂತ ಹೆಣ್ಣು ಈಕೆ. ಮಂಗಳ ಕಾರ್ಯಕ್ಕೆ ಎದುರು ಬರಬಾರದೆಂದು ಒಳಮನೆಗೆ ತಳ್ಳಲ್ಪಟ್ಟವಳು ಅಲ್ಲಿಂದಲೇ ನಾಡಿನ ಹೆಂಗಸರ ಕೈಗೆ ಪುಸ್ತಕ ತಲುಪಿಸಿದ್ದು ಸಣ್ಣ ಮಾತಲ್ಲ. ಆಮೇಲೆ ಸಾಹಿತ್ಯ ಲೋಕ ಆಕೆಯನ್ನು ಮರೆತೇಬಿಟ್ಟಿತು. ಸಿ.ಎನ್. ಮಂಗಳಾ ಅವರಂಥವರು ಹುಡುಕಿ ಮತ್ತೆ ಮುಂದೆ ತರುವ ಹೊತ್ತಿಗೆ ಬಹಳ ತಡವಾಗಿತ್ತು. 1982ರಲ್ಲಿ ತಿರುಮಲಾಂಬ ತೀರಿಕೊಂಡರು. ದೊಡ್ಡ ಜಾತ್ರೆಗೆ ಬರುವ ಲಕ್ಷಾಂತರ ಜನರಲ್ಲಿ ಆಕೆಯ ಹೆಸರು ಬಲ್ಲವರು ಎಷ್ಟು ಮಂದಿ ಇದ್ದಾರು? ಊರಿನ ಬಸ್ ನಿಲ್ದಾಣದಲ್ಲಿಳಿದ ಹೆಣ್ಣುಮಕ್ಕಳ ಕಣ್ಣಿಗೆ ಮೊದಲು ಬೀಳುವಂತೆ ಆ ಹೆಸರು ಇರಬೇಕೆಂಬುದು ನನ್ನ ಆಸೆ.

ದೊಡ್ಡ ಜಾತ್ರೆಯೆಂದರೆ ಬೇಸಗೆಯ ಮೊದಲಲ್ಲಿ ನಡೆಯುವ ಪಂಚಮಹಾರಥೋತ್ಸವ. ಗಣಪತಿ, ನಂಜುಂಡನೇ ಆದ ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರು. ದೇವರ ದೊಡ್ಡ ತೇರಿಗೆ ಗೌತಮ ರಥ ಎಂದು ಹೆಸರು. ಹಣ್ಣು ಜವನ ಎಸೆಯುವವರು, ಮಿಣಿಗೆ ಕೈ ಹಚ್ಚಲು ನುಗ್ಗುವವರು, ಮಹಡಿಗಳ ಮೇಲೆ ಒತ್ತೊತ್ತಿ ನಿಂತವರು, ಇವರ ನಡುವೆ ಊರು ಒಂದು ದಿನದ ಮಟ್ಟಿಗೆ ತನ್ನ ಜನಸಂಖ್ಯೆಯನ್ನೇ ಮರೆಯುತ್ತದೆ. ಹಿನ್ನೆಲೆಯಲ್ಲಿ ಎದ್ದು ನಿಂತ ಸುಮಾರು 120 ಅಡಿಯ ರಾಜಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದನ್ನು ಕಟ್ಟಿಸಿದ್ದು ಅವರ ರಾಣಿ ದೇವರಾಜಮ್ಮಣ್ಣಿ.

ಆದರೆ ಮುಮ್ಮಡಿಯವರಿಗೂ ಮುಂಚೆ ಈ ಊರಿನ ಮೇಲೆ ಕೈಯಿಟ್ಟವರು ಕಳಲೆಯವರು. ನಂಜನಗೂಡಿಗೆ ಕೂಗಳತೆಯ ಕಳಲೆಯ ಮನೆತನ ಮೈಸೂರಿಗೆ ದಳವಾಯಿಗಳನ್ನು ಕೊಟ್ಟಿತು. ಹದಿನೆಂಟನೇ ಶತಮಾನದ ನಡುವೆ ಸಿಂಹಾಸನದ ಮೇಲೆ ಒಡೆಯರಿದ್ದರೂ ಆಳಿದ್ದು ಇವರೇ. 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದರು. ಮರುವರ್ಷ ದಳವಾಯಿ ದೇವರಾಜಯ್ಯ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿಸಿದ. ಒಂದು ವರ್ಷದ ಅಂತರದಲ್ಲಿ ಒಬ್ಬ ರಾಜನಿಗೆ ದುರ್ಗದ ಸೆರೆ, ಸಾವಿರಾರು ಯಾತ್ರಿಕರಿಗೆ ಹೊಳೆ ದಾಟುವ ದಾರಿ. ಅಧಿಕಾರಸ್ಥರ ಕೈಯನ್ನು ಒಂದೇ ಬಣ್ಣದಲ್ಲಿ ಬರೆಯಲು ಈ ಊರು ಬಿಡುವುದಿಲ್ಲ. ಸೇತುವೆಯ ಉದ್ದ ಸುಮಾರು 225 ಮೀಟರ್. 1891ರಲ್ಲಿ ಮೈಸೂರಿನಿಂದ ಇಲ್ಲಿಗೆ ರೈಲು ಬಂತು. ಮುಂದೆ ಚಾಮರಾಜನಗರದ ಕಡೆ ಹಳಿ ಬೆಳೆದಾಗ ಎತ್ತಿನ ಗಾಡಿಗೆಂದು ಕಟ್ಟಿದ ಆ ಕಮಾನುಗಳೇ ಉಗಿಬಂಡಿಯನ್ನೂ ಹೊತ್ತವು. ಅಗಲ ಹಳಿ ಬಂದ ಮೇಲೆ ಪಕ್ಕದಲ್ಲಿ ಹೊಸ ಸೇತುವೆಯಾಗಿ ಹಳೆಯದಕ್ಕೆ ಬಿಡುವು ಸಿಕ್ಕಿತು. ದಳವಾಯಿಯ ತಮ್ಮ ನಂಜರಾಜಯ್ಯ ಯುದ್ಧದ ಜೊತೆಗೆ ಕಾವ್ಯವನ್ನೂ ಹಚ್ಚಿಕೊಂಡವನು. ‘ಗರಳಪುರಿ ಮಹಿಮಾದರ್ಶ’ ಎಂಬ ಕನ್ನಡ ಕೃತಿ ಅವನ ಹೆಸರಿನಲ್ಲಿದೆ. ತಿರುಚಿರಾಪಳ್ಳಿಯ ಆಸೆಗೆ ಬಿದ್ದು ಅವನು ಬರಿದು ಮಾಡಿದ ಬೊಕ್ಕಸವೇ ಹೈದರಾಲಿಯ ಏಳಿಗೆಗೆ ದಾರಿಯಾಯಿತು.

ಈ ನೆಲದ ಬಾಳೆಹಣ್ಣಿನ ಮಾತೂ ಇದೆ. ದೇವರಸನಹಳ್ಳಿ ಸುತ್ತಿನ ಕಪ್ಪು ಮಣ್ಣಿನಲ್ಲಿ ಬೆಳೆದ ರಸಬಾಳೆಗೆ ಬೇರೆಡೆ ಆ ಕಂಪು ಬರುವುದಿಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಅಷ್ಟರಲ್ಲಿ ಪನಾಮ ಸೊರಗು ರೋಗ ತೋಟಗಳನ್ನು ನುಂಗಿತ್ತು. ಹೆಸರು ನಾಡೆಲ್ಲ ಹಬ್ಬಿದೆ, ಹಣ್ಣು ಕೆಲವೇ ಎಕರೆಗೆ ಇಳಿದಿದೆ.

ರೋಗ ಗುಣಪಡಿಸುವ ಊರೆಂದು ಹೆಮ್ಮೆಪಡುವಾಗ ಗುಣವಾಗದ ರೋಗವನ್ನೂ ಹೇಳಬೇಕು. ಇದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಖಾದಿಯ ಕೆಲಸಕ್ಕೆ ಬದನವಾಳನ್ನು ಆರಿಸಿಕೊಂಡರು. ಅಲ್ಲಿನ ಚರಕಗಳ ಮುಂದೆ ಮೊದಲು ಕೂತವರಲ್ಲಿ ದಲಿತ ಹೆಂಗಸರಿದ್ದರು. 1927ರಲ್ಲಿ ಗಾಂಧೀಜಿ ಆ ಕೇಂದ್ರಕ್ಕೆ ಬಂದರು. ಅದೇ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ತಕರಾರು ಬೆಳೆದು 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಊರಿನಲ್ಲಿ ಕೂತು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದಾಗ ನಾಡಿನ ಮೂಲೆಮೂಲೆಯಿಂದ ಜನ ಬಂದರು. ನೂಲಿದ್ದೂ ಅಲ್ಲೇ, ರಕ್ತ ಬಿದ್ದದ್ದೂ ಅಲ್ಲೇ. ನಂಜನಗೂಡು ಸೀಮೆಯ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬೇಕಾದ ಭಾಷೆಯನ್ನು ಕನ್ನಡಕ್ಕೆ ಕೊಟ್ಟವರು ದೇವನೂರ ಮಹಾದೇವ. ಅವರ ಹುಟ್ಟೂರು ದೇವನೂರು ಇದೇ ತಾಲ್ಲೂಕಿನದು. ಅವರ ಕಾದಂಬರಿ ‘ಕುಸುಮಬಾಲೆ’ ಬಂದಾಗ ಓದುಗರು ತಬ್ಬಿಬ್ಬಾದರು. ಇಲ್ಲಿನ ಕೇರಿಯವರು ಆಡುವ ನುಡಿಯನ್ನೇ ಅದು ಬರವಣಿಗೆಯ ನುಡಿಯಾಗಿಸಿತ್ತು. ದೇವರ ಕಥೆ ಹೇಳುವ ನೀಲಗಾರರ ಲಯ ಅದರೊಳಗೆ ಹರಿದಿದೆ. ಇದನ್ನು ಶಿಷ್ಟ ಕನ್ನಡಕ್ಕೆ ತಂದುಕೊಟ್ಟರೆ ಅರ್ಧ ಜೀವ ಹೋದೀತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಾಲ್ಲೂಕಿನ ಆಡುಮಾತಿಗೇ ಬಂದ ಗೌರವ ಅದು ಎಂದು ನಾನು ಎಣಿಸುತ್ತೇನೆ.

ಕಪಿಲೆಯ ದಂಡೆ ಹಿಡಿದು ಮೂಡಣಕ್ಕೆ ಹೋದರೆ ಸುತ್ತೂರು ಸಿಗುತ್ತದೆ. ಹಳ್ಳಿ ಹುಡುಗರಿಗೆ ಅನ್ನ ಹಾಕಿ ಓದಿಸಿದ ಮಠ. 1954ರಲ್ಲಿ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಕಟ್ಟಿದ ಜೆಎಸ್‌ಎಸ್ ಮಹಾವಿದ್ಯಾಪೀಠದ ಬೇರು ಇಲ್ಲಿದೆ. ಅಲ್ಲಿಂದ ಮುಂದೆ ಗದ್ದೆ, ಕಬ್ಬು, ತೆಂಗು ದಾಟಿದರೆ ಹೊಳೆ ಅಗಲವಾಗುತ್ತ ಬಂದು ಕಾವೇರಿಯನ್ನು ಮುಟ್ಟುತ್ತದೆ. ಅದೇ ನರಸೀಪುರ.

ಇಲ್ಲಿ ಜನ ನೆಲೆಸಿದ್ದು ದೇವರುಗಳು ನೆಲೆಸುವುದಕ್ಕೂ ಬಹಳ ಹಿಂದೆ. 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ ಮತ್ತು ಸಂಗಡಿಗರು ಹೊಳೆಯ ದಂಡೆಯನ್ನು ಅಗೆದಾಗ ನೂತನ ಶಿಲಾಯುಗದವರ ವಾಸದ ಕುರುಹು, ಸಮಾಧಿ, ಮಡಕೆ, ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು. ಎರಡು ನದಿ ಕೂಡುವ ಕಡೆ ಮೀನಿದೆ, ಮೆಕ್ಕಲು ಮಣ್ಣಿದೆ, ದಾಟಲು ಜಾಗವಿದೆ. ಮನುಷ್ಯರಿಗೆ ಅದು ತಿಳಿದು ಸಾವಿರಾರು ವರ್ಷ ಕಳೆದ ಮೇಲೆ ಅಗಸ್ತ್ಯರು ಬಂದು ಮರಳಿನ ಲಿಂಗ ಮಾಡಿದರು ಎಂದು ಸ್ಥಳಪುರಾಣ ಹೇಳಿತು. ಕಾಶಿಯಿಂದ ಲಿಂಗ ತರಲು ಹೋದ ಹನುಮಂತ ತಡಮಾಡಿದ್ದರಿಂದ ಮರಳಿನದೇ ನಿಂತಿತಂತೆ. ಎದುರು ದಂಡೆಯ ಗುಂಜಾ ನರಸಿಂಹನ ಬೆರಳುಗಳ ನಡುವೆ ಒಂದು ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆ ಎಂಬುದು ಅದರ ಅರ್ಥ. ಆ ಮಾತನ್ನು ದೇವರು ಹೇಳಿದ್ದು ಬಟ್ಟೆ ಒಗೆಯುವ ಒಬ್ಬ ಅಗಸನಿಗೆ, ಅವನ ಒಗೆಯುವ ಕಲ್ಲಿನಡಿಯಿಂದ ಎದ್ದು ಬಂದು. ಹೆಚ್ಚುಗಾರಿಕೆಯನ್ನು ಬೆಟ್ಟದಷ್ಟು ಎಂದು ಹೇಳಿಕೊಳ್ಳದೆ ಗುಲಗಂಜಿಯಷ್ಟು ಎಂದು ಅಳೆದ ಈ ವಿನಯ ನನಗೆ ಬಲು ಪ್ರಿಯ. ನರಸೀಪುರದ ನಡೆಯಲ್ಲೆಲ್ಲ ಅದು ಇದೆ.

ಜರ್ಮನಿಯ ಪಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳು ಕೂಡುತ್ತವೆ. ನೆರೆ ಏರಿದ ಮಟ್ಟವನ್ನೆಲ್ಲ ಅಲ್ಲಿಯವರು ಹಳೆಯ ಪುರಭವನದ ಗೋಡೆಯ ಮೇಲೆ ಇಸವಿ ಸಮೇತ ಗುರುತು ಹಾಕಿದ್ದಾರೆ. 2013ರ ನೆರೆ 1501ರ ನಂತರದ ಅತಿ ದೊಡ್ಡದೆಂದು ಗೋಡೆ ನೋಡಿಯೇ ಹೇಳಬಹುದು. ಇಲ್ಲಿಯ ಸಂಗಮದಲ್ಲೂ ಮೂರು ನೀರಿನ ಲೆಕ್ಕವಿದೆ, ಮೂರನೆಯದಾದ ಸ್ಫಟಿಕ ಸರೋವರ ಮಾತ್ರ ಕಣ್ಣಿಗೆ ಬೀಳದ್ದು. ನೆರೆಯ ಗುರುತು ಗೋಡೆಯ ಮೇಲಿಲ್ಲ, ಬಾಯಿಮಾತಿನಲ್ಲಿದೆ. ನಂಜನಗೂಡಿನ ಹದಿನಾರು ಕಾಲಿನ ಮಂಟಪ ಮುಳುಗಿತು ಎಂದರೆ ಕೆಳಗಿನ ಊರಿನವರು ಸಾಮಾನು ಮೇಲೆತ್ತಬೇಕು. 2018ರಲ್ಲೂ 2019ರಲ್ಲೂ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮಂಟಪ ಮುಳುಗಿದಾಗ ಹೀಗೇ ಆಯಿತು.

ನರಸೀಪುರ ಕಳಿಸಿಕೊಟ್ಟವರ ಪಟ್ಟಿ ಮಾಡಿದರೆ ಮೊದಲು ಪಿಟೀಲು ಚೌಡಯ್ಯ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ವಿದ್ಯೆ ಕಲಿತರು. ಮೈಕು ಇಲ್ಲದ ಕಾಲದಲ್ಲಿ ನಾಲ್ಕು ತಂತಿಯ ನಾದ ದೊಡ್ಡ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿದರು. ಒಂದೇ ಎಳೆತಕ್ಕೆ ಎರಡು ಸ್ಥಾಯಿ ಒಟ್ಟಿಗೆ ನುಡಿಯುವಂತಾಯಿತು. ಬೇರೆ ಬೇರೆ ಆಳದ ನೀರು ಒಂದೇ ಹರಿವಾಗುವುದನ್ನು ಹುಟ್ಟಿದಾಗಿನಿಂದ ನೋಡಿದ ಹುಡುಗನಿಗೆ ಆ ಯೋಚನೆ ಹೊಳೆದದ್ದರಲ್ಲಿ ನನಗೆ ಅಚ್ಚರಿಯಿಲ್ಲ. 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಅದು ಹುಟ್ಟೂರಿನದೇ ಹೆಸರು. ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನ ನೋಡಿದ ಎಷ್ಟೋ ಮಂದಿಗೆ ಆ ನಾದದ ತವರು ಒಂದು ಹೊಳೆದಂಡೆ ಎಂಬುದು ಗೊತ್ತಿಲ್ಲ.

ಮೈಸೂರು ಸಿಲ್ಕ್ ಸೀರೆಯದೂ ಇಂಥದೇ ಕಥೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಗೆ ಹೆಸರಿದೆ. ಗೂಡು ಬೇಯಿಸಿ, ಎಳೆ ಹಿಡಿದು, ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಇರುವುದು ನರಸೀಪುರದಲ್ಲಿ. ಬಿಸಿನೀರಿನ ತೊಟ್ಟಿಯಲ್ಲಿ ಬೆರಳಿಟ್ಟು ಕೆಲಸ ಮಾಡುವ ಹೆಂಗಸರ ಊರಿನ ಹೆಸರು ಸೀರೆಯ ಸೆರಗಿನ ಮೇಲೆ ಎಲ್ಲೂ ಬರುವುದಿಲ್ಲ. ಮೈಸೂರು ಶೈಲಿಯ ಭರತನಾಟ್ಯಕ್ಕೆ ಅಮೃತಪ್ಪ, ಜೇಜಮ್ಮ ಮುಂತಾದವರನ್ನು ಕೊಟ್ಟ ಮೂಗೂರು ಈ ತಾಲ್ಲೂಕಿನದು. ವಿಜಯನಗರದಲ್ಲಿ ರಾಜಗುರುವಾಗಿ, ಪುರಂದರದಾಸರಿಗೆ ಗುರುವಾದ ವ್ಯಾಸರಾಯರು ಹುಟ್ಟಿದ ಬನ್ನೂರು, ಅವರ ಪರಂಪರೆಯ ಮಠವಿರುವ ಸೋಸಲೆ ಕೂಡ ಇಲ್ಲಿಯವೇ. ಬನ್ನೂರು ಕುರಿಯ ರುಚಿ ಬಲ್ಲವರಿಗೆ ಬನ್ನೂರಿನ ಪರಿಚಯ ಬೇರೆ ಬೇಕಿಲ್ಲ. ಸೋಸಲೆಯ ಸಂಸ್ಕೃತ ವಿದ್ವಾಂಸರೊಬ್ಬರ ಹೆಸರು ಗರಳಪುರಿ ಶಾಸ್ತ್ರಿ. ಎರಡೂರಿನ ನಂಟು ಎಷ್ಟು ಹಳೆಯದೆಂದು ತಿಳಿಯಲು ಆ ಒಂದು ಹೆಸರು ಸಾಕು.

ಈ ತಾಲ್ಲೂಕು ಮೈಸೂರಿಗೆ ಭಯವನ್ನೂ ಕಳಿಸಿತು. ಗಂಗರ ರಾಜಧಾನಿಯಾಗಿದ್ದ ತಲಕಾಡನ್ನು ಹನ್ನೊಂದನೇ ಶತಮಾನದ ಮೊದಲಿಗೆ ಚೋಳರು ಗೆದ್ದರು. ಅವರಿಂದ ವಿಷ್ಣುವರ್ಧನ ಗೆದ್ದು, ತಲಕಾಡುಗೊಂಡನೆನಿಸಿ, 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ. ಆಮೇಲೆ ಮರಳು ಬಂತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ, ಒಡವೆ ಕೇಳಲು ಬಂದವರಿಂದ ತಪ್ಪಿಸಿಕೊಂಡು, ಸೋತವನ ಮಡದಿ ಅಲಮೇಲಮ್ಮ ಮಾಲಂಗಿಯ ಮಡುವಿಗೆ ಹಾರಿದಳು, ಹಾರುವ ಮುನ್ನ ತಲಕಾಡು ಮರಳಾಗಲಿ, ಅರಸು ಮನೆತನಕ್ಕೆ ಸಂತಾನವಿಲ್ಲದಾಗಲಿ ಎಂದು ಶಪಿಸಿದಳು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಹದಿನಾಲ್ಕನೇ ಶತಮಾನದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆಯ ಪಾತ್ರ ಬತ್ತಿ, ಮರಳು ಬೇಸಗೆಯ ಗಾಳಿಗೆ ಊರಿನ ಮೇಲೆ ಬಿದ್ದಿತು ಎಂಬ ವಿವರಣೆಯನ್ನು ಸಂಶೋಧಕರು ಕೊಟ್ಟಿದ್ದಾರೆ. ನನಗೆ ಆ ವಿವರಣೆ ಒಪ್ಪುತ್ತದೆ. ಆದರೆ ಅದು ಕಥೆಯನ್ನು ಅಳಿಸುವುದಿಲ್ಲ. ಅರಮನೆಯವರು ನವರಾತ್ರಿಯಲ್ಲಿ ಅಲಮೇಲಮ್ಮನಿಗೆ ಪೂಜೆ ಸಲ್ಲಿಸುತ್ತಾರೆ. 2017ರ ಕೊನೆಯಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಪತ್ರಿಕೆಗಳೆಲ್ಲ ಮೊದಲು ನೆನೆದದ್ದು ಅವಳನ್ನೇ. ಗೆದ್ದವರ ಚರಿತ್ರೆಯೊಳಗೆ ಸೋತವಳ ಮಾತು ನಾಲ್ಕು ನೂರು ವರ್ಷ ಉಳಿದಿದೆ. ಮೈಸೂರಿನ ಮೆಲುದನಿಗೆ ಈ ಅಂಜಿಕೆಯೂ ಕಾರಣವಿರಬಹುದು.

ಸೋಮನಾಥಪುರವೂ ಇದೇ ತಾಲ್ಲೂಕಿನದು. ಸೋಮನಾಥ ದಂಡನಾಯಕ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಕಲ್ಲುಗಳ ಮೇಲೆ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಹೆಸರು ಕೆತ್ತಿಟ್ಟ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನೊಂದಿಗೆ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ನೋಡಲು ಬಂದವರು ಮೈಸೂರಿನಿಂದ ಬಂದು ಮೈಸೂರಿಗೇ ಮರಳುತ್ತಾರೆ. ಹತ್ತಿರದ ಸಂಗಮಕ್ಕೆ ಬರುವವರು ಕಡಿಮೆ.

ಸಂಗಮಕ್ಕೆ ಜನ ನೆರೆಯುವುದು ಕುಂಭಮೇಳಕ್ಕೆ. ಮೇಳಕ್ಕೆ ಪ್ರಾಚೀನತೆಯಿಲ್ಲ. 1989ರಲ್ಲಿ ನಾಡಿನ ಮಠಾಧೀಶರು ಸೇರಿ ಆರಂಭಿಸಿದ್ದು, ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕ. ಕೊರೊನಾ ಕಾಲದಲ್ಲಿ ತಪ್ಪಿ, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಹೊಸದೆಂಬ ಕಾರಣಕ್ಕೆ ಅದನ್ನು ಕಡೆಗಣಿಸಬೇಕಿಲ್ಲ. ಪ್ರತಿ ಹಳೆಯ ಆಚರಣೆಗೂ ಒಂದು ಮೊದಲ ವರ್ಷ ಇದ್ದೇ ಇತ್ತು.

ಚಿಂತೆ ಇರುವುದು ನೀರಿನದು. ನಂಜನಗೂಡಿನ ಸುತ್ತ ಕಾಫಿಪುಡಿ, ಕಾಗದ, ಸಕ್ಕರೆ, ಔಷಧಗಳ ಕಾರ್ಖಾನೆಗಳೆದ್ದು ಸಾವಿರಾರು ಮನೆಗಳಿಗೆ ಸಂಬಳ ಬಂದಿದೆ. 2020ರ ಮಾರ್ಚಿನಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ಕೆಲಸಗಾರರಿಗೆ ಕೊರೊನಾ ತಗುಲಿ, ರೋಗಿಗಳನ್ನು ಕರೆದುಕೊಳ್ಳುತ್ತಿದ್ದ ಊರೇ ಬಾಗಿಲು ಹಾಕಿಕೊಂಡಿತು. ಆ ವರ್ಷ ತೇರು ಎಳೆಯಲಿಲ್ಲ. ಊರು ಚೇತರಿಸಿಕೊಂಡಿದೆ, ಹೊಳೆ ಚೇತರಿಸಿಕೊಂಡಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕಲುಷಿತ ಹರಿವುಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಬಂದಿದೆ. ಊರಿನ ಚರಂಡಿ, ಜಾತ್ರೆಯ ಬಟ್ಟೆಬರೆ, ಕಾರ್ಖಾನೆಯ ನೀರು ಎಲ್ಲ ಮೂಡಣಕ್ಕೇ ಹರಿಯುತ್ತದೆ. ಕುಂಭಮೇಳದ ಸ್ನಾನವೂ ಆ ನೀರಿನಲ್ಲೇ. ಮೂರು ವರ್ಷದ ಲೆಕ್ಕದಲ್ಲಿ ಮುಂದಿನ ಮೇಳ 2028ಕ್ಕೆ ಬೀಳುತ್ತದೆ. ಸೋಪಾನಕ್ಕೆ ಬಣ್ಣ ಹೊಡೆಯುವ, ತೇಲುಸೇತುವೆ ಹಾಕುವ ಕೆಲಸ ಕೊನೆಯ ತಿಂಗಳಲ್ಲಾದರೂ ಮುಗಿದೀತು. ಕೊಳಚೆ ನೀರನ್ನು ಶುದ್ಧ ಮಾಡಿ ಹೊಳೆಗೆ ಬಿಡುವ ಕೆಲಸ ಹಾಗಲ್ಲ. ಅದನ್ನು ಈಗಲೇ, ಮೇಲಿನ ಊರಿನಲ್ಲೇ ಹಿಡಿಯಬೇಕು.